ರಾಜ್ಯಶಾಸ್ತ್ರ ಸಂಶೋಧನೆಯ ಮೊದಲ ಪಠ್ಯಪುಸ್ತಕ: ಆರಿಸುವ ಮುನ್ನ ಏನನ್ನು ನೋಡಬೇಕು?

ಕೆಲವು ವರ್ಷಗಳ ಹಿಂದೆ ಎಂ.ಎ. ವಿದ್ಯಾರ್ಥಿಯೊಬ್ಬನ ಜೊತೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಅವನ ಕೈಯಲ್ಲಿ ನಲವತ್ತೆರಡು ಪ್ರಶ್ನೆಗಳ ಪ್ರಶ್ನಾವಳಿ ಇತ್ತು. ಮೊದಲ ಪ್ರಶ್ನೆ ಹೀಗಿತ್ತು: ‘ತಮ್ಮ ರಾಜಕೀಯ ಸಹಭಾಗಿತ್ವದ ಮಟ್ಟ ಯಾವುದು? ಅಧಿಕ, ಮಧ್ಯಮ, ಅಲ್ಪ.’ ಜಗುಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಅದನ್ನು ಎರಡು ಸಲ ಕೇಳಿಸಿಕೊಂಡು, ‘ಇದು ರೇಷನ್ ಕಾರ್ಡಿಗೇನಪ್ಪಾ?’ ಎಂದರು. ಅವನು ‘ಮಧ್ಯಮ’ ಎಂಬಲ್ಲಿ ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದ. ಆ ಅಜ್ಜಿ ಒಂದು ಚುನಾವಣೆಯನ್ನೂ ಬಿಡದೆ ಮತ ಹಾಕಿದ್ದರು, ಕುಡಿಯುವ ನೀರಿಗಾಗಿ ಪಂಚಾಯಿತಿ ಕಚೇರಿಯ ಮುಂದೆ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು ಎಂಬುದು ಆಮೇಲೆ ಮಾತಿನ ನಡುವೆ ತಿಳಿಯಿತು. ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಹುಡುಗ ಸೋಮಾರಿಯಲ್ಲ. ಅವನು ಓದಿದ್ದ ಪುಸ್ತಕದಲ್ಲಿ ಪ್ರಶ್ನಾವಳಿಯ ವಿಧಗಳು, ಗುಣಗಳು, ದೋಷಗಳು ಎಲ್ಲವೂ ಇದ್ದವು. ಒಂದು ಪರಿಕಲ್ಪನೆಯನ್ನು ಜಗುಲಿಯ ಮೇಲೆ ಕೂತವರಿಗೆ ಕೇಳಬಹುದಾದ ಪ್ರಶ್ನೆಯನ್ನಾಗಿ ಮಾಡುವುದು ಹೇಗೆ ಎಂಬುದು ಮಾತ್ರ ಇರಲಿಲ್ಲ.

ಈ ವಿಷಯ ಈಗ ಹೆಚ್ಚು ಜನರನ್ನು ಮುಟ್ಟುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಪಿಎಚ್‌.ಡಿ.ಗೆ ಸೇರಿದವರು ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಮುಗಿಸಬೇಕು. ಕಾಲೇಜು ಅಧ್ಯಾಪಕರ ಅರ್ಹತೆಗೆ ನಡೆಯುವ ಎನ್‌ಇಟಿ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಸಂಶೋಧನೆಗೆಂದೇ ಒಂದು ಘಟಕವಿದೆ. ಪರೀಕ್ಷೆ ಕಟ್ಟದವರಿಗೂ ಇದರ ಬಿಸಿ ತಟ್ಟಿದೆ. 2024ರ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳಲ್ಲಿ ಹಲವು ಆಡಳಿತಾರೂಢ ಮೈತ್ರಿಕೂಟಕ್ಕೆ 350ಕ್ಕಿಂತ ಹೆಚ್ಚು ಸ್ಥಾನಗಳನ್ನು ಕೊಟ್ಟಿದ್ದವು; ಜೂನ್ 4ರಂದು ಬಂದದ್ದು 293. ಹಾಗಾದರೆ ಸಮೀಕ್ಷೆ ಎಂಬುದನ್ನು ನಂಬಬೇಕೆ, ನಂಬುವುದಾದರೆ ಎಷ್ಟು ಎಂದು ದಾವಣಗೆರೆಯ ಜಯದೇವ ವೃತ್ತದ ಚಹಾ ಅಂಗಡಿಯಲ್ಲಿ ಕೇಳುವವರಿಗೂ, ಚಿತ್ರದುರ್ಗದ ಕಾಲೇಜಿನಲ್ಲಿ ಪ್ರಬಂಧ ಬರೆಯುವವರಿಗೂ ಉತ್ತರ ಒಂದೇ ಕಡೆ ಇರುತ್ತದೆ: ಸಂಶೋಧನಾ ವಿಧಾನವನ್ನು ಕಲಿಸುವ ಪ್ರವೇಶ ಹಂತದ ಪುಸ್ತಕದಲ್ಲಿ. ಅಂಥ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಬುಡದಿಂದ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಸಂಶೋಧನಾ ವಿಧಾನ ಎಂದರೇನು?

ಚುನಾವಣೆ ಮುಗಿದ ಮರುದಿನ ಎಲ್ಲರ ಬಳಿಯೂ ಒಂದೊಂದು ಕಾರಣ ಇರುತ್ತದೆ. ಒಬ್ಬರು ಜಾತಿ ಎನ್ನುತ್ತಾರೆ, ಒಬ್ಬರು ದುಡ್ಡು ಎನ್ನುತ್ತಾರೆ, ಇನ್ನೊಬ್ಬರು ಗ್ಯಾರಂಟಿ ಎನ್ನುತ್ತಾರೆ. ಈ ಮೂವರಲ್ಲಿ ಯಾರ ಮಾತು ಎಷ್ಟು ನಿಜ ಎಂದು ತೀರ್ಮಾನಿಸಲು ಯಾವ ಪುರಾವೆ ಬೇಕು, ಅದನ್ನು ಹೇಗೆ ಕಲೆಹಾಕಬೇಕು, ಯಾವ ಪುರಾವೆ ಸಿಕ್ಕರೆ ನಮ್ಮ ಮಾತನ್ನು ನಾವೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬ ಕ್ರಮವೇ ಸಂಶೋಧನಾ ವಿಧಾನ. ಪುರಾವೆ ನೋಡುವ ಮೊದಲೇ ‘ಹೀಗಿರಬಹುದು’ ಎಂದು ಸ್ಪಷ್ಟವಾಗಿ ಬರೆದಿಟ್ಟ ಊಹೆಗೆ ಪ್ರಾಕ್ಕಲ್ಪನೆ ಎನ್ನುತ್ತಾರೆ. ವ್ಯಕ್ತಿಯಿಂದ ವ್ಯಕ್ತಿಗೆ, ಊರಿಂದ ಊರಿಗೆ ಬದಲಾಗುವ ವಯಸ್ಸು, ಆದಾಯ, ಮತದಾನದ ಪ್ರಮಾಣ ಇತ್ಯಾದಿಗಳಿಗೆ ಚಲಕ ಎಂಬ ಹೆಸರಿದೆ.

ಈ ವ್ಯಾಖ್ಯೆಗಳು ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ. ಅವು ಸರಿಯಾಗಿವೆ ಎಂಬ ಮಾತ್ರಕ್ಕೆ ಪುಸ್ತಕ ಒಳ್ಳೆಯದಾಗುವುದಿಲ್ಲ. ನಾನು ಹಿಡಿದಿರುವ ಅಳತೆ ಬೇರೆ. ಎಚ್ಚರವಿರುವ ಮನುಷ್ಯನೂ ಎಲ್ಲಿ ಮುಗ್ಗರಿಸುತ್ತಾನೆ ಎಂಬುದನ್ನು ಪುಸ್ತಕ ಉದಾಹರಣೆ ಸಮೇತ ಮಾಡಿ ತೋರಿಸಬೇಕು. ಅದನ್ನು ಪರೀಕ್ಷಿಸಲು ನಾಲ್ಕು ಅಧ್ಯಾಯಗಳನ್ನು ತೆರೆದು ನೋಡಿದರೆ ಸಾಕು: ಅಳತೆ, ಮಾದರಿ, ಕಾರಣ ಮತ್ತು ಕ್ಷೇತ್ರಕಾರ್ಯ.

ಅಳತೆಯ ಅಧ್ಯಾಯ

‘ಮಹಿಳಾ ಸಬಲೀಕರಣ’ ಎಂಬ ಪದವನ್ನು ತೆಗೆದುಕೊಳ್ಳೋಣ. ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರು ಸಬಲರಾದರೇ ಎಂಬುದು ಸಂಶೋಧನಾ ಪ್ರಶ್ನೆ ಎಂದಿಟ್ಟುಕೊಳ್ಳಿ. ಸಬಲೀಕರಣ ಕಣ್ಣಿಗೆ ಕಾಣುವುದಿಲ್ಲ. ಅದರ ಬದಲಿಗೆ ಕಾಣುವ ಗುರುತೊಂದನ್ನು ಆರಿಸಬೇಕು. ವಿತರಣೆಯಾದ ಶೂನ್ಯ ಟಿಕೆಟ್‌ಗಳನ್ನು ಎಣಿಸಿದರೆ ಪ್ರಯಾಣದ ಲೆಕ್ಕ ಸಿಗುತ್ತದೆ. ಹೊನ್ನಾಳಿಯಿಂದ ದಾವಣಗೆರೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳು ಉಳಿದ ಹಣವನ್ನು ಯಾರನ್ನೂ ಕೇಳದೆ ಖರ್ಚು ಮಾಡುತ್ತಾಳೆಯೇ ಎಂದು ಕೇಳಿದರೆ ಬೇರೆಯೇ ಲೆಕ್ಕ ಸಿಗುತ್ತದೆ. ಎರಡೂ ನಿಜವಾದ ಅಂಕಿಗಳೇ. ಆದರೆ ಎರಡೂ ಅಳೆಯುತ್ತಿರುವ ವಸ್ತು ಒಂದೇ ಅಲ್ಲ. ಅಳೆಯಬೇಕೆಂದುಕೊಂಡದ್ದನ್ನೇ ಅಳೆಯುವ ಗುಣಕ್ಕೆ ಸಿಂಧುತ್ವ ಎಂದೂ, ಎಷ್ಟು ಸಲ ಅಳೆದರೂ ಒಂದೇ ಉತ್ತರ ಕೊಡುವ ಗುಣಕ್ಕೆ ವಿಶ್ವಾಸಾರ್ಹತೆ ಎಂದೂ ಹೆಸರು. ಎರಡು ಕಿಲೋ ಹೆಚ್ಚು ತೋರಿಸುವ ತೂಕದ ಯಂತ್ರ ದಿನವೂ ಎರಡೇ ಕಿಲೋ ಹೆಚ್ಚು ತೋರಿಸಿದರೆ ಅದು ವಿಶ್ವಾಸಾರ್ಹವೇ, ಆದರೆ ಸಿಂಧುವಲ್ಲ. ಇವೆರಡರ ವ್ಯತ್ಯಾಸವನ್ನು ವ್ಯಾಖ್ಯೆಯಲ್ಲೇ ಮುಗಿಸಿ ಉದಾಹರಣೆ ಕೊಡದ ಪುಸ್ತಕವನ್ನು ಅಲ್ಲಿಗೇ ಕೆಳಗಿಡಬಹುದು.

ರಾಜಕೀಯದಲ್ಲಿ ಗೆಲುವು ಸೋಲು ಎಂಬ ಸರಳ ಪದಗಳಿಗೂ ಈ ತೊಡಕು ಇದೆ. ಕರ್ನಾಟಕ ವಿಧಾನಸಭೆಯಲ್ಲಿ 2018ರಲ್ಲಿ ಬಿಜೆಪಿ 104 ಸ್ಥಾನ ಪಡೆಯಿತು, 2023ರಲ್ಲಿ 66. ಸ್ಥಾನಗಳನ್ನು ನೋಡಿದರೆ ದೊಡ್ಡ ಕುಸಿತ. ಆದರೆ ಎರಡೂ ಸಲ ಆ ಪಕ್ಷ ಪಡೆದ ಮತಗಳ ಪ್ರಮಾಣ ಸುಮಾರು ಶೇ 36. ಇನ್ನೊಂದು ಕಡೆ, 2018ರಲ್ಲಿ ಕಾಂಗ್ರೆಸ್ ಶೇ 38ರಷ್ಟು ಮತ ಪಡೆದು, ಅಂದರೆ ಬಿಜೆಪಿಗಿಂತ ಹೆಚ್ಚು ಮತ ಪಡೆದು, ಕಡಿಮೆ ಸ್ಥಾನ ಗೆದ್ದಿತ್ತು. ಜನರ ಒಲವು ಬದಲಾಯಿತೇ ಎಂಬ ಪ್ರಶ್ನೆಗೆ ಸ್ಥಾನಗಳ ಸಂಖ್ಯೆ ಒಂದು ಉತ್ತರ ಕೊಡುತ್ತದೆ, ಮತಪ್ರಮಾಣ ಮತ್ತೊಂದು ಕೊಡುತ್ತದೆ. ಯಾವ ಪ್ರಶ್ನೆಗೆ ಯಾವ ಅಳತೆ ಎಂದು ವಿದ್ಯಾರ್ಥಿ ತಾನೇ ಯೋಚಿಸುವಂತೆ ಮಾಡುವುದು ಈ ಅಧ್ಯಾಯದ ಕೆಲಸ.

ಮಾದರಿಯ ಅಧ್ಯಾಯ

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಬರುವ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ ಹೋಗಿ ನಿಂತರೆ ಮಾದರಿ ಎಂದರೇನು ಎಂಬುದು ಕಣ್ಣಿಗೇ ಕಾಣುತ್ತದೆ. ಖರೀದಿದಾರ ಚೀಲವನ್ನು ಬಿಚ್ಚಿಸಿ ಸುರಿಸುವುದಿಲ್ಲ. ಚೂಪಾದ ಕೊಳವೆಯೊಂದನ್ನು ಚೀಲದ ಪಕ್ಕಕ್ಕೆ ಚುಚ್ಚುತ್ತಾನೆ, ಅಂಗೈಗೆ ಒಂದು ಹಿಡಿ ಕಾಳು ಜಾರುತ್ತದೆ, ಒಂದೆರಡು ಕಾಳು ಕಚ್ಚಿ ನೋಡುತ್ತಾನೆ, ಉಳಿದದ್ದನ್ನು ತೇವಾಂಶ ನೋಡುವ ಯಂತ್ರಕ್ಕೆ ಹಾಕುತ್ತಾನೆ. ಒಂದು ಹಿಡಿ ಕಾಳಿನಿಂದ ಇಡೀ ಲಾಟಿನ ದರ ನಿಂತುಬಿಡುತ್ತದೆ. ಇಲ್ಲಿ ಲಾಟು ಸಮಷ್ಟಿ, ಅಂದರೆ ನಾವು ತಿಳಿಯಬೇಕಾದ ಇಡೀ ಗುಂಪು; ಹಿಡಿ ಕಾಳು ಮಾದರಿ. ಅನುಭವಸ್ಥ ಖರೀದಿದಾರ ಎದುರಿಗಿರುವ ಚೀಲವನ್ನು ಮಾತ್ರ ಚುಚ್ಚುವುದಿಲ್ಲ. ಹಿಂದಿನ ಸಾಲಿನ ಚೀಲವನ್ನೂ, ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಚುಚ್ಚುತ್ತಾನೆ. ಒಣಗಿದ ಕಾಳು ಮೇಲಿದ್ದು ಹಸಿ ಕಾಳು ಅಡಿಯಲ್ಲಿ ಉಳಿದಿರಬಹುದು ಎಂಬುದು ಅವನಿಗೆ ಗೊತ್ತು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂಬ ಮಾತೂ ಇದೇ ತತ್ತ್ವ. ಆದರೆ ಅದರಲ್ಲಿ ಹೇಳದೇ ಉಳಿದ ಒಂದು ಷರತ್ತು ಇದೆ: ಪಾತ್ರೆಯೊಳಗೆ ಉರಿ ಎಲ್ಲ ಕಡೆ ಒಂದೇ ಸಮ ತಾಗಿರಬೇಕು. ಸಮಾಜ ಹಾಗಿರುವುದಿಲ್ಲ. ಅದಕ್ಕಾಗಿಯೇ ಯಾರಿಗೆ ಬೇಕಾದರೂ ಆಯ್ಕೆಯಾಗುವ ಅವಕಾಶ ಸಿಗುವಂತೆ, ಸಂಶೋಧಕನ ಇಷ್ಟಾನಿಷ್ಟಕ್ಕೆ ಬಿಡದೆ ಆರಿಸುವ ಕ್ರಮ ಬೇಕು. ಅದನ್ನೇ ಯಾದೃಚ್ಛಿಕ ಮಾದರಿ ಎನ್ನುವುದು. ಉದಾಹರಣೆಗೆ, ಒಂದು ಮತಗಟ್ಟೆಯ ಪಟ್ಟಿಯಲ್ಲಿ 1,000 ಹೆಸರುಗಳಿದ್ದು 50 ಜನರನ್ನು ಮಾತನಾಡಿಸಬೇಕಾದರೆ, 1ರಿಂದ 20ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ ಇಪ್ಪತ್ತನೆಯ ಹೆಸರಿಗೆ ಗುರುತು ಹಾಕುತ್ತ ಹೋಗಬೇಕು. ಗುರುತು ಬಿದ್ದವರ ಮನೆಗೇ ಹೋಗಬೇಕು. ಪಕ್ಕದ ಮನೆಯವರು ಒಳ್ಳೆಯ ಮಾತಾಡುತ್ತಾರೆಂದು ಅಲ್ಲಿ ಕೂರುವಂತಿಲ್ಲ.

ಇದರಲ್ಲಿ ಎಡವಿದ ಪ್ರಸಿದ್ಧ ನಿದರ್ಶನ ಅಮೆರಿಕದ್ದು. 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳುಹಿಸಿತು; 23 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ಅವುಗಳ ಆಧಾರದ ಮೇಲೆ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಅವರ ಎದುರಾಳಿ, ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಅಂದಿನ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಬಹುಮಟ್ಟಿಗೆ ದೂರವಾಣಿ ಮತ್ತು ಕಾರು ಉಳ್ಳವರ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಾಲದಲ್ಲಿ ಬಡವರು ಆ ಪಟ್ಟಿಗಳಲ್ಲಿ ಕಡಿಮೆ ಇದ್ದರು. ಜೊತೆಗೆ, ಚೀಟಿ ತುಂಬಿ ಮರಳಿ ಕಳುಹಿಸಿದವರೂ ಕಳುಹಿಸದವರೂ ಒಂದೇ ಮನಸ್ಸಿನವರಾಗಿರಲಿಲ್ಲ. ಅದೇ ಚುನಾವಣೆಯ ಫಲಿತಾಂಶವನ್ನು ಜನಾಭಿಪ್ರಾಯ ಸಮೀಕ್ಷಕ ಜಾರ್ಜ್ ಗ್ಯಾಲಪ್ ಇದಕ್ಕಿಂತ ಬಹಳ ಚಿಕ್ಕ ಮಾದರಿಯಿಂದ ಸರಿಯಾಗಿ ಊಹಿಸಿದ್ದರು. ಮಾದರಿ ದೊಡ್ಡದಾದಷ್ಟೂ ಸತ್ಯ ಹತ್ತಿರ ಎಂಬ ನಂಬಿಕೆ ಅಂದಿಗೇ ಮುರಿಯಿತು.

ಎಷ್ಟು ಜನ ಸಾಕು ಎಂಬುದಕ್ಕೂ ಲೆಕ್ಕವಿದೆ. ಸರಿಯಾಗಿ ಆರಿಸಿದ 1,000 ಜನರ ಮಾದರಿಯಲ್ಲಿ ಶೇಕಡಾವಾರು ಅಂಕಿಯೊಂದು ಸಾಮಾನ್ಯವಾಗಿ ಮೂರು ಅಂಶದಷ್ಟು ಅತ್ತಿತ್ತ ಇರಬಹುದು; ಅಂದರೆ ಮಾದರಿಯಲ್ಲಿ ಶೇ 50 ಬಂದರೆ ನಿಜವಾದದ್ದು ಶೇ 47ರಿಂದ 53ರ ನಡುವೆ ಇರಬಹುದು. ಆ ಅಂತರವನ್ನು ಅರ್ಧ ಮಾಡಲು ಎರಡು ಸಾವಿರ ಸಾಲದು, ನಾಲ್ಕು ಸಾವಿರ ಬೇಕು. ಹೊಸಬರಿಗೆ ನಂಬಲು ಕಷ್ಟವಾಗುವ ಸಂಗತಿಯೆಂದರೆ, ದಾವಣಗೆರೆ ನಗರಕ್ಕೂ ಇಡೀ ದೇಶಕ್ಕೂ ಈ ಲೆಕ್ಕ ಹೆಚ್ಚುಕಡಿಮೆ ಒಂದೇ. ಈ ಮೂರು ಅಂಶದ ಅಂತರ ಆಕಸ್ಮಿಕ ತಪ್ಪಿಗೆ ಮಾತ್ರ ಅನ್ವಯಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಚಳ್ಳಕೆರೆ ಕಡೆಯ ಹಳ್ಳಿಗೆ ಹೋದರೆ ಸಿಗುವವರು ವಯಸ್ಸಾದವರು. ಕೂಲಿಗೆ ಹೋದವರು, ಕುರಿ ಹಿಂಡಿನ ಜೊತೆ ಊರು ಬಿಟ್ಟವರು ಸಿಗುವುದಿಲ್ಲ. ಆ ತಪ್ಪನ್ನು ಯಾವ ಸೂತ್ರವೂ ತುಂಬಿಕೊಡುವುದಿಲ್ಲ. ಸೂತ್ರ ಕೊಟ್ಟು ಮಧ್ಯಾಹ್ನದ ಹಳ್ಳಿಯ ಬಗ್ಗೆ ಸುಮ್ಮನಿರುವ ಪುಸ್ತಕ ಅರ್ಧ ಪಾಠವನ್ನಷ್ಟೇ ಹೇಳಿದಂತೆ.

ಕಾರಣದ ಅಧ್ಯಾಯ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಒಟ್ಟಿಗೆ ನಡೆದ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವಾಗಿರಲೇಬೇಕಿಲ್ಲ ಎಂಬ ಎಚ್ಚರ ಆ ಮಾತಿನಲ್ಲೇ ಇದೆ. ಒಟ್ಟಿಗೆ ಏರಿಳಿಯುವುದಕ್ಕೆ ಸಹಸಂಬಂಧ ಎನ್ನುತ್ತಾರೆ, ಒಂದರಿಂದ ಇನ್ನೊಂದು ಆಗುವುದಕ್ಕೆ ಕಾರ್ಯಕಾರಣ ಸಂಬಂಧ ಎನ್ನುತ್ತಾರೆ.

ನಮ್ಮ ಜಿಲ್ಲೆಗಳದೇ ಒಂದು ಉದಾಹರಣೆ ನೋಡೋಣ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ, 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಿತು. ಎಂಟು ತಿಂಗಳ ನಂತರ ಚುನಾವಣೆ ನಡೆಯಿತು. ಚಿತ್ರದುರ್ಗ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ 2018ರಲ್ಲಿ ಐದನ್ನು ಗೆದ್ದಿದ್ದ ಬಿಜೆಪಿ 2023ರಲ್ಲಿ ಒಂದನ್ನು ಉಳಿಸಿಕೊಂಡಿತು. ಅತಿವೃಷ್ಟಿಯಿಂದ ಬೆಳೆ ಹಾಳಾದ ಸಿಟ್ಟು ಅಂದಿನ ಆಡಳಿತ ಪಕ್ಷದ ಮೇಲೆ ತಿರುಗಿತು ಎಂದು ಯಾರಾದರೂ ವಾದಿಸಿದರೆ ಅದು ಕೇಳಲು ಒಪ್ಪುವಂತೆಯೇ ಇರುತ್ತದೆ. ಜಲಾಶಯ ತುಂಬಿದ ಸಂತೋಷಕ್ಕೆ ಅದೇ ಪಕ್ಷ ಗೆದ್ದಿದ್ದರೆ, ಆ ವಿವರಣೆಯೂ ಅಷ್ಟೇ ಸಲೀಸಾಗಿ ಒಪ್ಪಿಗೆಯಾಗುತ್ತಿತ್ತು. ಯಾವ ಫಲಿತಾಂಶ ಬಂದರೂ ಹೊಂದಿಕೊಳ್ಳುವ ವಿವರಣೆಯಿಂದ ಏನೂ ಪರೀಕ್ಷೆಯಾಗುವುದಿಲ್ಲ.

ಇಲ್ಲಿ ಮಾಡಬೇಕಾದ ಮೊದಲ ಕೆಲಸ, ಆ ಕಾರಣ ಇಲ್ಲದ ಕಡೆ ಏನಾಯಿತು ಎಂದು ನೋಡುವುದು. ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿ ಈ ಜಲಾಶಯವಿಲ್ಲ. ಅಲ್ಲಿನ ಈಗಿನ ಏಳು ಕ್ಷೇತ್ರಗಳಲ್ಲೂ ಬಿಜೆಪಿ ಐದರಿಂದ ಒಂದಕ್ಕೆ ಇಳಿಯಿತು. ಜಲಾಶಯ ಇರುವಲ್ಲೂ ಇಲ್ಲದಲ್ಲೂ ಬದಲಾವಣೆ ಒಂದೇ ರೀತಿಯದಾದರೆ, ಅದಕ್ಕೆ ಬೇರೆ, ಇನ್ನೂ ವಿಶಾಲವಾದ ಕಾರಣ ಹುಡುಕಬೇಕಾಗುತ್ತದೆ. ಎರಡೇ ಜಿಲ್ಲೆಗಳ ಹೋಲಿಕೆಯಿಂದ ಪ್ರಶ್ನೆ ಮುಗಿಯಲಿಲ್ಲ, ನಿಜ. ಆದರೆ ಹೋಲಿಕೆಯೇ ಇಲ್ಲದ ಮಾತಿಗಿಂತ ಇದು ಒಂದು ಹೆಜ್ಜೆ ಮುಂದೆ.

ಹೋಲಿಕೆಯನ್ನು ಇನ್ನೂ ಗಟ್ಟಿ ಮಾಡುವ ದಾರಿಯೂ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಕರ್ನಾಟಕದಲ್ಲಿ ಈಗ ಅದು ಅರ್ಧದಷ್ಟಿದೆ. ಮಹಿಳೆ ಅಧ್ಯಕ್ಷೆಯಾದರೆ ಕೆಲಸಗಳು ಬದಲಾಗುತ್ತವೆಯೇ? ಮಹಿಳೆಯನ್ನು ತಾವಾಗಿ ಗೆಲ್ಲಿಸಿದ ಊರುಗಳನ್ನು ಉಳಿದ ಊರುಗಳ ಜೊತೆ ಹೋಲಿಸಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅಂಥ ಊರು ಮೊದಲೇ ಬೇರೆ ಥರದ್ದಾಗಿರಬಹುದು. ಮೀಸಲಾತಿ ಯಾವ ಊರಿಗೆ ಬರಬೇಕೆಂಬುದು ಊರಿನ ಗುಣ ನೋಡದೆ ಸರದಿಯ ಮೇಲೆ ನಿಗದಿಯಾದರೆ ಈ ತೊಡಕು ಕಳೆಯುತ್ತದೆ. ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಇದನ್ನೇ ಬಳಸಿಕೊಂಡು, ಮೀಸಲು ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಹೆಚ್ಚಾಗಿದ್ದುದನ್ನು ಕಂಡರು. ಅವರ ಲೇಖನ 2004ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯವಿಲ್ಲದೆಯೂ ಪ್ರಯೋಗಕ್ಕೆ ಸಮೀಪದ ಪುರಾವೆ ಸಿಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಭಾರತೀಯ ಉದಾಹರಣೆ ಕಡಿಮೆ. ಭಾರತದ ವಿದ್ಯಾರ್ಥಿಗಳಿಗೆಂದೇ ಬರೆದ ಪುಸ್ತಕದಲ್ಲಿ ಇದು ಇಲ್ಲದಿದ್ದರೆ ನನಗೆ ಬೇಸರವಾಗುತ್ತದೆ.

ಗುಂಪಿನ ಲೆಕ್ಕ ವ್ಯಕ್ತಿಯ ಲೆಕ್ಕವಲ್ಲ

ಚುನಾವಣಾ ಆಯೋಗದ ಫಾರಂ 20ರಲ್ಲಿ ಮತಗಟ್ಟೆವಾರು ಮತಗಳ ವಿವರ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು ‘ಈ ಬೂತಿನಲ್ಲಿ ಇಂಥ ಸಮುದಾಯದವರೇ ಹೆಚ್ಚು, ಇಂಥ ಪಕ್ಷಕ್ಕೇ ಮತ ಹೆಚ್ಚು, ಆದ್ದರಿಂದ ಅವರು ಅವರಿಗೇ ಹಾಕಿದ್ದಾರೆ’ ಎನ್ನುವುದು ದಿನನಿತ್ಯ ಕೇಳುವ ಮಾತು. ಲೆಕ್ಕ ಹಾಕಿ ನೋಡಿ. ಒಂದು ಬೂತಿನಲ್ಲಿ 1,000 ಮತ ಬಿದ್ದಿವೆ. ಒಂದು ಸಮುದಾಯದವರು 600, ಉಳಿದವರು 400. ಒಂದು ಪಕ್ಷಕ್ಕೆ 500 ಮತ ಬಂದಿದೆ. ಆ 600ರಲ್ಲಿ 500 ಜನ ಹಾಕಿದ್ದರೂ ಮೊತ್ತ ಇದೇ. 600ರಲ್ಲಿ ನೂರೇ ಜನ ಹಾಕಿ, ಉಳಿದ 400 ಮಂದಿಯೂ ಹಾಕಿದ್ದರೂ ಮೊತ್ತ ಇದೇ. ಒಟ್ಟು ಮೊತ್ತದಿಂದ ಒಬ್ಬೊಬ್ಬರ ಮನಸ್ಸನ್ನು ಓದಲಾಗದು ಎಂಬುದನ್ನು 1950ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು.ಎಸ್. ರಾಬಿನ್‌ಸನ್ ಅಮೆರಿಕದ ಜನಗಣತಿಯ ಅಂಕಿಗಳಿಂದಲೇ ತೋರಿಸಿದರು. ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು; ಆದರೆ ವ್ಯಕ್ತಿಗಳ ಮಟ್ಟದಲ್ಲಿ ನೋಡಿದಾಗ ವಲಸಿಗರಲ್ಲೇ ಅನಕ್ಷರತೆ ಸ್ವಲ್ಪ ಹೆಚ್ಚಿತ್ತು.

ಗಡಿಗಳ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ 1991 ಮತ್ತು 2001ರ ಜನಗಣತಿಯ ಮೂಲ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಚಿತ್ರದುರ್ಗದ ಜನಸಂಖ್ಯೆ ಲಕ್ಷಗಟ್ಟಲೆ ಇಳಿದಂತೆ ಕಾಣುತ್ತದೆ. ಜನ ಎಲ್ಲೂ ಹೋಗಿಲ್ಲ, ಗೆರೆ ಬದಲಾಗಿದೆ. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಗೆ 19,45,497 ಜನ ಎಂದಿದೆ. ಆ ಸಂಖ್ಯೆಯಲ್ಲಿ ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿ ತಾಲ್ಲೂಕು ಸೇರಿದೆ. ಭರಮಸಾಗರ ಎಂಬ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯ ನಂತರ ಇಲ್ಲವೇ ಇಲ್ಲ. ಪಟ್ಟಿಯ ತಲೆಬರಹದಲ್ಲಿ ಹೆಸರು ಒಂದೇ ಇದ್ದರೂ ಅದರ ಒಳಗಿನ ನೆಲ ಒಂದೇ ಎಂದು ಭಾವಿಸಬಾರದು ಎಂದು ಹೇಳಿಕೊಡುವ ಪುಟಗಳು ಪುಸ್ತಕದಲ್ಲಿ ಇವೆಯೇ ಎಂದು ಹುಡುಕಿ ನೋಡಿ.

ಕ್ಷೇತ್ರಕಾರ್ಯದ ಅಧ್ಯಾಯ

ಕೆಲವು ಪುಸ್ತಕಗಳು ಅಂಕಿಗಳ ಹೊರಗೆ ವಿಧಾನವೇ ಇಲ್ಲವೆಂಬಂತೆ ಬರೆಯುತ್ತವೆ, ಇನ್ನು ಕೆಲವು ಸಂದರ್ಶನವೆಂದರೆ ಹೋಗಿ ಮಾತನಾಡಿಸುವುದಷ್ಟೇ ಎಂದು ತಿಳಿದಿವೆ. ಎಣಿಕೆಯಿಂದ ನಡೆಯುವುದು ಪರಿಮಾಣಾತ್ಮಕ ಸಂಶೋಧನೆ. ಕೆಲವೇ ಜನರ, ಕೆಲವೇ ಊರುಗಳ ಒಳಹೊಕ್ಕು ಅರ್ಥ ತಿಳಿಯುವುದು ಗುಣಾತ್ಮಕ ಸಂಶೋಧನೆ. ಎರಡನೆಯದರಲ್ಲೂ ಶಿಸ್ತಿದೆ. ಊರಿನಲ್ಲಿ ಸಂಖ್ಯೆ, ಭೂಮಿ, ಅಧಿಕಾರಗಳಿಂದ ಮೇಲುಗೈ ಪಡೆದ ಜಾತಿಯನ್ನು ಸೂಚಿಸುವ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಕೊಟ್ಟ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಟಿಪ್ಪಣಿ ಮಾಡಿಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಗಳಿಂದ ಒಪ್ಪ ಮಾಡಿದ್ದ ಟಿಪ್ಪಣಿಗಳ ಪ್ರತಿಗಳು ಸುಟ್ಟುಹೋದವು. ಅವರು ಮುಂದೆ ನೆನಪಿನ ಬಲದಿಂದ ಆ ಹಳ್ಳಿಯ ಬಗ್ಗೆ ಬರೆದರು, ನೆನಪಿನಿಂದ ಬರೆಯುತ್ತಿದ್ದೇನೆ ಎಂಬುದನ್ನು ಓದುಗರಿಗೆ ತಿಳಿಸಿಯೇ ಬರೆದರು. ತನ್ನ ಪುರಾವೆ ಎಲ್ಲಿಂದ ಬಂತು, ಅದರ ಮಿತಿ ಏನು ಎಂದು ಓದುಗರ ಮುಂದಿಡುವುದು ಗುಣಾತ್ಮಕ ಸಂಶೋಧನೆಯಲ್ಲಿ ಮೊದಲ ನಿಯಮ.

ಪ್ರಶ್ನೆ ಕೇಳುವ ಬಗೆಯನ್ನೂ ಇಲ್ಲೇ ಕಲಿಸಬೇಕು. ‘ಶಕ್ತಿ ಯೋಜನೆಯಿಂದ ನಿಮಗೆ ಅನುಕೂಲವಾಗಿದೆ ಅಲ್ಲವೇ?’ ಎಂದರೆ ಹೌದು ಎನ್ನುವುದು ಎದುರಿನವರ ಮರ್ಯಾದೆ. ‘ಹೋದ ವಾರ ಬಸ್ಸಿನಲ್ಲಿ ಎಲ್ಲಿಗಾದರೂ ಹೋಗಿದ್ದಿರಾ? ಯಾಕೆ ಹೋಗಿದ್ದಿರಿ?’ ಎಂದು ಕೇಳಿದರೆ ಸಂಗತಿ ಹೊರಬರುತ್ತದೆ.

ಭಾಷೆ, ಉದಾಹರಣೆ ಮತ್ತು ಉಳಿದವು

ಹೊರದೇಶದ ಪುಸ್ತಕಗಳ ತರ್ಕ ನಮಗೂ ಉಪಯುಕ್ತ, ಆದರೆ ಅವುಗಳ ಉದಾಹರಣೆ ಎಷ್ಟೋ ಸಲ ಒಗ್ಗುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಮತದಾರರು ಹೆಸರು ನೋಂದಾಯಿಸುವಾಗಲೇ ಪಕ್ಷವನ್ನೂ ನಮೂದಿಸುತ್ತಾರೆ. ನಮ್ಮ ಮತದಾರರ ಪಟ್ಟಿಯಲ್ಲಿ ಅಂಥ ಅಂಕಣವಿಲ್ಲ. ಅದನ್ನು ಆಧರಿಸಿದ ಅಭ್ಯಾಸವನ್ನು ಇಲ್ಲಿನ ವಿದ್ಯಾರ್ಥಿ ಮಾಡಲಾರ. ಕನ್ನಡದ ಪುಸ್ತಕಗಳಲ್ಲಿ ತೊಂದರೆ ಬೇರೆ. ಒಂದೇ ಪರಿಭಾಷೆಗೆ ಒಂದು ಅಧ್ಯಾಯದಲ್ಲಿ ‘ಚಲಕ’, ಮತ್ತೊಂದರಲ್ಲಿ ‘ಚರ’ ಎಂದಿದ್ದರೆ ಎರಡೂ ಬೇರೆ ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ಕೊನೆಯಲ್ಲಿ ಪದಪಟ್ಟಿ ಇದ್ದು, ಒಳಗೆಲ್ಲ ಅದನ್ನೇ ಪಾಲಿಸಿದ್ದರೆ ಅರ್ಧ ಗೊಂದಲ ತಪ್ಪುತ್ತದೆ.

ಸಂಖ್ಯಾಶಾಸ್ತ್ರದ ಭಾಗದಲ್ಲಿ ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕಿ), ಕೋಷ್ಟಕ ಓದುವ ಕ್ರಮ ಇವಿಷ್ಟು ಗಟ್ಟಿಯಾಗಿದ್ದರೆ ಮೊದಲ ಪುಸ್ತಕಕ್ಕೆ ಸಾಕು. ನೈತಿಕತೆಯ ಅಧ್ಯಾಯದಲ್ಲಿ ಕೃತಿಚೌರ್ಯದ ಮಾತು ಇದ್ದೇ ಇರುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ಜಗುಲಿಯ ಮೇಲಿನ ಅಜ್ಜಿಗೆ ತಾನು ಯಾತಕ್ಕೆ ಉತ್ತರ ಕೊಡುತ್ತಿದ್ದೇನೆ ಎಂದು ತಿಳಿಸಿ, ಅವರ ಒಪ್ಪಿಗೆ ಪಡೆದು, ಅವರ ಹೆಸರನ್ನು ಮರೆಯಲ್ಲಿಡುವುದು ಇದೇ ಅಧ್ಯಾಯಕ್ಕೆ ಸೇರಿದ ಇನ್ನೂ ಹಿರಿದಾದ ವಿಷಯ.

ಅರ್ಧ ದಿನದ ಪರೀಕ್ಷೆ

ಪುಸ್ತಕವನ್ನು ಪಠ್ಯವಾಗಿ ಇಡುವ ಮುನ್ನ ಅಧ್ಯಾಪಕರು ಮಾಡಬಹುದಾದ ಪರೀಕ್ಷೆಯೊಂದಿದೆ. ವಿಷಯ ಹೊಸದಾಗಿರುವ ಇಬ್ಬರು ವಿದ್ಯಾರ್ಥಿಗಳಿಗೆ ಮಾದರಿಯ ಅಧ್ಯಾಯವನ್ನು ಮಾತ್ರ ಓದಲು ಕೊಡಿ. ಆಮೇಲೆ ಪುಸ್ತಕ ಮುಚ್ಚಿಸಿ, ತಮ್ಮ ವಾರ್ಡಿನಲ್ಲಿ ಇಪ್ಪತ್ತು ಮನೆಗಳನ್ನು ಹೇಗೆ ಆರಿಸುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆಯಲು ಹೇಳಿ. ಮಾದರಿಯ ಐದು ವಿಧಗಳು ಎಂದು ಪಟ್ಟಿ ಬರೆದುಕೊಟ್ಟರೆ ಬೇರೆ ಪುಸ್ತಕ ನೋಡಬೇಕು. ಪಟ್ಟಿ ಎಲ್ಲಿ ಸಿಗುತ್ತದೆ, ಎಷ್ಟನೆಯ ಮನೆಯಿಂದ ಶುರು ಮಾಡುತ್ತೇವೆ, ಬೀಗ ಹಾಕಿದ ಮನೆಗೆ ಸಂಜೆ ಮತ್ತೆ ಯಾವಾಗ ಹೋಗುತ್ತೇವೆ ಎಂದು ಬರೆದಿದ್ದರೆ ಆ ಪುಸ್ತಕವನ್ನು ತರಿಸಬಹುದು.